ಕಟಕಟ ಸದ್ದಿಗೆ ಅಳುತ್ತಿದ್ದ ಸೋದರತ್ತೆ

ನಮ್ಮ ಸೋದರತ್ತೆ ಮೂಕಿ ಸಿನಿಮಾಗಳ ಕಾಲದ ನಟಿ. ನಾಲ್ಕೈದು ಚಿತ್ರಗಳಲ್ಲಿ ಅತ್ತು, ನಕ್ಕು, ಒಮ್ಮೆ ಬಾವಿಗೂ ಬಿದ್ದು ಹೆಸರು ಮಾಡಿದ ಗಟ್ಟಿಗಿತ್ತಿ. ಅವಳ ಅಪ್ಪ, ಅಂದರೆ ನನ್ನ ತಾತ, ಬಡಗಿ. ಮಗಳು ಮುಖಕ್ಕೆ ಬಣ್ಣ ಹಚ್ಚುವಷ್ಟರಲ್ಲಿ ಅವನ ಎರಡೂ ಕಣ್ಣು ಹೋಗಿದ್ದವು. ಬಾಗಿಲು ನೆಟ್ಟಗಿದೆಯೋ ಸೊಟ್ಟಗಿದೆಯೋ ಎಂದು ಬೆರಳಲ್ಲೇ ಹೇಳುವವನು, ಮಗಳ ಸಿನಿಮಾಕ್ಕೆ ಹೋದರೆ ಮಾತ್ರ ಅಜ್ಜಿಯ ಬಾಯಿ ಕಾಯಬೇಕಿತ್ತು. ಅಜ್ಜಿಯೋ, ಅರ್ಧ ಕಥೆ ಹೇಳಿ ಉಳಿದರ್ಧಕ್ಕೆ ಗೊಳೋ ಎಂದು ಅಳುವವಳು.

ಹೀಗಿರುವಾಗ ಸಿನಿಮಾಕ್ಕೆ ಮಾತು ಬಂತು. ಅತ್ತೆಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಪ್ಪ ಕಿವಿಯಿಂದಲೇ ನೋಡುವಂಥದ್ದು ಒಂದೇ ಒಂದು ಚಿತ್ರ ಮಾಡಿದರೆ ಸಾಕು, ಆಮೇಲೆ ಬಣ್ಣ ತೊಳೆದುಬಿಡುತ್ತೇನೆ ಎಂದಳು.

ಆದರೆ ಮಾತಿನ ಚಿತ್ರದ ಶೂಟಿಂಗಿನ ಮೊದಲ ದಿನವೇ ಎಡವಟ್ಟಾಯಿತು. ಅತ್ತೆಗೆ ನಟನೆ ಕಲಿಸಿದ್ದು ಯಾವ ಗುರುವೂ ಅಲ್ಲ, ಕ್ಯಾಮೆರಾದ ಹಿಡಿ ತಿರುಗಿಸುವಾಗಿನ ಕಟಕಟ ಸದ್ದು. ಸದ್ದು ಶುರುವಾದರೆ ಕಣ್ಣಲ್ಲಿ ನೀರು, ನಿಂತರೆ ನೀರೂ ನಿಲ್ಲುತ್ತಿತ್ತು; ನಲ್ಲಿ ತಿರುಗಿಸಿದ ಹಾಗೆ ಎಂದು ಕ್ಯಾಮೆರಾದವನು ನಗುತ್ತಿದ್ದ. ಈಗ ಆ ಸದ್ದು ಮಾತಿನ ಜೊತೆ ಬೆರೆಯಬಾರದೆಂದು ಕ್ಯಾಮೆರಾವನ್ನೂ ಅವನನ್ನೂ ಮರದ ಗೂಡಿನೊಳಗೆ ಕೂಡಿಹಾಕಿದ್ದರು. ಪಿಟ್ಟೆನ್ನುವ ಸದ್ದಿಲ್ಲ. ಮಾತೆಲ್ಲ ಬಾಯಿಪಾಠವಾಗಿದ್ದರೂ ಅತ್ತೆ ಗರ ಬಡಿದವಳಂತೆ ನಿಂತೇ ನಿಂತಳು. ಸಂಜೆ ಕಂಪನಿಯ ಯಜಮಾನರು ಹತ್ತಿರ ಕರೆದು ಹೇಳಿದರು: "ನಾಳೆ ಒಂದಿನ ನೋಡ್ತೀನಮ್ಮ. ಆಗ್ಲಿಲ್ಲ ಅಂದ್ರೆ ಬೇರೆಯವಳನ್ನ ಕರೆಸ್ತೀನಿ. ನಂದೂ ಹೊಟ್ಟೆಪಾಡು."

ಮರುದಿನವೂ ಮಧ್ಯಾಹ್ನದವರೆಗೆ ಅದೇ ಹಾಡು. ಊಟದ ಬಿಡುವಿನಲ್ಲಿ ಕಂಪನಿಯ ದರ್ಜಿ ಮೂಲೆಯಲ್ಲಿ ಕೂತು, ನಾಯಕನ ಹರಿದ ಪ್ಯಾಂಟನ್ನು ಮಿಷನ್ನಿಗೆ ಕೊಟ್ಟು ತುಳಿಯತೊಡಗಿದ. ಕಟಕಟ ಕಟಕಟ. ಕೈಯಲ್ಲಿ ತುತ್ತು ಹಿಡಿದಿದ್ದ ಅತ್ತೆಯ ಕಣ್ಣು ತುಂಬಿತು, ತುಟಿ ನಡುಗಿತು. ಗಂಡನನ್ನು ಬಯ್ಯುವ ಇಡೀ ದೃಶ್ಯವನ್ನು ಅನ್ನದ ತಟ್ಟೆಯ ಮುಂದೆಯೇ ಒಪ್ಪಿಸಿಬಿಟ್ಟಳು.

ಗೂಡಿನಿಂದ ಬೆವರಿಳಿಸುತ್ತ ಬಂದ ಕ್ಯಾಮೆರಾದವನು ಅದನ್ನು ನೋಡಿ ಯಜಮಾನರನ್ನು ಎಳೆದು ತಂದ. ಮಿಷನ್ನಿನ ಸದ್ದೂ ಚಿತ್ರದೊಳಗೆ ಬರುತ್ತದಲ್ಲ ಎಂದು ಅವರು ತಲೆ ಕೆರೆದುಕೊಂಡರು.

"ಬರ್ಲಿ ಬಿಡಿ. ಕಥೇಲೇ ಅವಳು ಬಟ್ಟೆ ಹೊಲಿಯೋಳು ಅಂದ್ರೆ ಯಾರು ಬೇಡ ಅಂತಾರೆ?" ಎಂದ ಕ್ಯಾಮೆರಾದವನು.

ನಾಯಕಿ ಅಲ್ಲೇ ದರ್ಜಿಯಾದಳು. ಹೊಲಿಯುತ್ತಲೇ ಅತ್ತಳು, ಹೊಲಿಯುತ್ತಲೇ ಜಗಳವಾಡಿದಳು. ಕಡೆಗೆ ಓಡಿಹೋಗಿದ್ದ ಗಂಡ ಬಂದು ತಬ್ಬಿಕೊಂಡಾಗಲೂ ಅವಳ ಒಂದು ಕಾಲು ಮಿಷನ್ ಬಿಡಲಿಲ್ಲ. ಖುಷಿಯಾದ ಯಜಮಾನರು ಮುಂದಿನ ಚಿತ್ರದಲ್ಲಿ ರಾಣಿಯ ಪಾತ್ರ ಮಾಡು ಎಂದರು. ರಾಣಿ ಮಿಷನ್ ತುಳಿಯುತ್ತಾಳೆಯೇ ಎಂದು ಕೇಳಿ ಅತ್ತೆ ನಗುತ್ತ ಕೈ ಮುಗಿದಳು.

ಚಿತ್ರ ಬಂದ ದಿನ ಮನೆಮಂದಿಯೆಲ್ಲ ಮುಂದಿನ ಬೆಂಚಿನಲ್ಲಿ. ತಾತನ ಪಕ್ಕಕ್ಕೆ ಅತ್ತೆ. ತೆರೆಯಿಂದ ಮಗಳ ದನಿ ಬಂದದ್ದೇ ತಡ, ತಾತ ತಾನೇ ಕೂರಿಸಿದ ಬಾಗಿಲಿನಂತೆ ಬೆನ್ನು ನೆಟ್ಟಗೆ ಮಾಡಿ ಕೂತ. ಮಿಷನ್ನಿನ ಗಲಾಟೆಯಲ್ಲಿ ಅಪ್ಪನಿಗೆ ಕೇಳಿಸಿತೋ ಇಲ್ಲವೋ ಎಂದು ಅತ್ತೆಗೆ ಜೀವ ತಡೆಯಲಿಲ್ಲ. ಬಗ್ಗಿ ಅವನ ಕಿವಿಯಲ್ಲಿ ಕಥೆ ಹೇಳಲು ಹೋದಳು.

ತಾತ ಅವಳ ಬಾಯಿಗೆ ಅಂಗೈ ಅಡ್ಡ ಹಿಡಿದ.

"ಸುಮ್ನಿರೇ, ನನ್ ಮಗಳು ಮಾತಾಡ್ತಿದಾಳೆ."