ತಾಂಬೂಲ ಮುಗಿಸಿದ ಮುಷ್ಕರ

ಲಾಸ್ಯಾ, ಇದು ಮೌಂಟ್ ರಾಸ್ಕಿಲ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿರುವ ಪದ್ಮಾವತಿ ಆಂಟಿಯ ಕಥೆ, ಪೂರ್ತಿ ಕೇಳು. ಮೈಸೂರಿನಿಂದ ಈ ದೇಶಕ್ಕೆ ಬಂದವರು. ಗುರುದತ್ ಅಂಕಲ್ ನಡೆಸುವ ಕೇಟರಿಂಗ್‌ನಲ್ಲಿ ಹೋಳಿಗೆ ತಟ್ಟುತ್ತಾರೆ. ಜೊತೆಗೆ ಯಾಮಿನಿ, ಶ್ರೀರಕ್ಷಾ ಇದ್ದರು. ಅಲ್ಲಿ ಯಾರೂ ಕೆಲಸದವರಲ್ಲ, ಎಲ್ಲರೂ ಮನೆಯವರಂತೆ. ಹಾಗಾಗಿ ಸಂಬಳ ಹೆಚ್ಚಿಸಿ ಎನ್ನುವುದೇ ಮರ್ಯಾದೆಗೇಡು.

ಯುಗಾದಿಗೆ ದೊಡ್ಡ ಆರ್ಡರ್ ಬಂದಾಗ ಮೂವರೂ ಗಟ್ಟಿ ಮನಸ್ಸು ಮಾಡಿದರು. ಸಂಬಳ ಏರುವವರೆಗೆ ಒಲೆ ಹಚ್ಚುವುದಿಲ್ಲ.

ನಾನು ದೂರದ ಡನೀಡಿನ್ ಊರಿನಲ್ಲಿ ಓದುತ್ತಿರುವುದೇ ಹತ್ತೊಂಬತ್ತನೇ ಶತಮಾನದ ಕೂಲಿ ಜಗಳಗಳನ್ನು. ಆಂಟಿಗೆ ಫೋನ್ ಮಾಡಿದೆ. “ಆಂಟಿ, ಆಗ ಇಲ್ಲಿ ಬಟ್ಟೆ ಹೊಲಿಯೋ ಹೆಂಗಸ್ರು ಒಬ್ಬೊಬ್ರೇ ಇದ್ದಾಗ ಕೂಲಿ ಇಳೀತಾನೇ ಇತ್ತು. ಒಟ್ಟಾಗಿ ಸಂಘ ಕಟ್ಟಿದ್ಮೇಲೇ ಮಾಲೀಕರು ಕಿವಿಗೊಟ್ಟಿದ್ದು. ನೀವೊಬ್ರೇ ಮಾತಾಡೋಕೆ ಹೋಗ್ಬೇಡಿ.”

“ಇಲ್ಲಮ್ಮ, ತುಟಿ ಬಿಚ್ಚಲ್ಲ.”

ಮರುದಿನ ಗುರುದತ್ ಅಂಕಲ್ ಹೆಂಡತಿ ಗೀತಾ ತಟ್ಟೆ ಹಿಡಿದು ಬಂದರು. “ಕೆಲಸದ ಮಾತು ಬೇಡ ಆಂಟಿ. ಹಬ್ಬ ಅಲ್ವಾ, ಅರಿಶಿನ ಕುಂಕುಮ ಕೊಟ್ಟು ಹೋಗೋಣ ಅಂತ.”

ಆಂಟಿ ಕುಂಕುಮ ಇಟ್ಟುಕೊಂಡರು. ಸ್ವೆಟರ್ ಮೇಲಿನ ದುಪಟ್ಟಾವನ್ನೇ ಸೆರಗಿನಂತೆ ಒಡ್ಡಿ ಎಲೆ, ಅಡಿಕೆ, ಸೀರೆ ತೆಗೆದುಕೊಂಡರು. ಬಾಗಿಲು ದಾಟುವಾಗ ಗೀತಾ ತಿರುಗಿದರು. “ತಾಂಬೂಲ ಆಯ್ತಲ್ಲ, ಇನ್ನೆಲ್ಲ ಸರಿಹೋಯ್ತು ಅಂತ ಇವರಿಗೆ ಹೇಳ್ತೀನಿ.”

ಮಾತಾಡಬಾರದಲ್ಲ, ಆಂಟಿ ಸುಮ್ಮನೆ ನಿಂತರು.

ಸಂಜೆಯೊಳಗೆ ಗುರುದತ್ ಅಂಕಲ್ ಉಳಿದಿಬ್ಬರಿಗೂ ಫೋನ್ ಮಾಡಿದ್ದರು: “ಆಂಟಿ ಒಪ್ಪಿದ್ರು, ತಾಂಬೂಲನೂ ಆಯ್ತು. ಹಳೇ ಸಂಬಳಕ್ಕೆ ಬರೋರು ಬನ್ನಿ.”

ಯಾಮಿನಿ ನೇರವಾಗಿ ಆಂಟಿ ಮನೆಗೆ ಬಂದಳು. “ಸೀರೆ ಚೆನ್ನಾಗಿದೆ. ನಮ್ಮಿಬ್ಬರ ಬೆಲೆ ಇಷ್ಟೇನಾ ಆಂಟಿ?”

“ಮುತ್ತೈದೆ ಮನೆಗೇ ಬಂದು ಕೊಟ್ರೆ ಬೇಡ ಅನ್ನೋಕಾಗತ್ತಾ? ನಾನೇನೂ ಒಪ್ಪಿಲ್ಲ ಕಣೇ.”

“ಒಪ್ಪಿಲ್ಲ ಅಂತ ಅವರ ಮುಂದೆ ಅಂದ್ರಾ?”

ಆಂಟಿ ತಕ್ಷಣ ಎದ್ದು ಹೊರಟರು. ಸೀರೆ ಹಿಂದಿರುಗಿಸಲು ಹೋದರೆ ಗೀತಾ ಮುಟ್ಟಲೇ ಇಲ್ಲ. “ಕೊಟ್ಟ ತಾಂಬೂಲ ವಾಪಸ್ ತಗೊಂಡ್ರೆ ಎರಡೂ ಮನೆಗೆ ಒಳ್ಳೇದಲ್ಲ ಆಂಟಿ.”

ಯಾಮಿನಿ ಹೆಂಡರ್ಸನ್ ಬಡಾವಣೆಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿದಳು. ಬಾಡಿಗೆ ಕಟ್ಟಲೇಬೇಕಿದ್ದ ಶ್ರೀರಕ್ಷಾ ಹಳೆಯ ಸಂಬಳಕ್ಕೇ ಮರಳಿದಳು. ತಾಂಬೂಲ ತೆಗೆದುಕೊಂಡಿದ್ದ ಆಂಟಿಯೂ ಮರಳಿದರು. ಈಗ ಮೇಜಿನ ಆ ತುದಿಯಲ್ಲಿ ಅವಳು, ಈ ತುದಿಯಲ್ಲಿ ಆಂಟಿ. ಮಾತಿಲ್ಲ.

ಮೊನ್ನೆ ಹೊಸ ಹುಡುಗಿಯೊಬ್ಬಳು ಕೆಲಸ ಕೇಳಿಕೊಂಡು ಬಂದಿದ್ದಳಂತೆ. ಸಂಬಳ ಕಡಿಮೆಯಾಯಿತು ಎಂದಳಂತೆ. ಗೀತಾ ನಕ್ಕು ಹೇಳಿದರಂತೆ: “ಪದ್ಮಾವತಿ ಆಂಟಿಗೇ ಇಷ್ಟು ಸಾಕಂತೆ, ನಿಂಗೆ ಸಾಲ್ದಾ?”

ಆಂಟಿ ಅಲ್ಲೇ ಕಣಕ ನಾದುತ್ತಿದ್ದರು. ಹುಡುಗಿ ಅವರತ್ತ ಒಮ್ಮೆ ನೋಡಿ, ಆಯಿತು ಎಂದಳಂತೆ.