ಮೆರ್ಲೀನ್ ತಡವರಿಸಿದ ಭಾನುವಾರ

ಚಳಿಗಾಲದ ಕೋಟನ್ನು ಇವತ್ತು ಬೆಳಿಗ್ಗೆ ಹೊರಗೆ ತೆಗೆದಾಗ ಜೇಬಿನಲ್ಲಿ ಒಂದು ಪೆಪ್ಪರ್‌ಮಿಂಟು ಸಿಕ್ಕಿತು. ಟಿಶ್ಯೂ ಕಾಗದಕ್ಕೆ ಅಂಟಿಕೊಂಡು ಕಲ್ಲಾಗಿತ್ತು. ಸುಮ್ಮನೆ ಮೂಸಿದೆ ನೋಡಿ, ಹ್ಯಾಂಡ್ಸ್‌ವರ್ತ್‌ನ ಆ ಇಟ್ಟಿಗೆಯ ಚರ್ಚು, ಡ್ರಮ್ಮು, ಆರ್ಗನ್ನು, ಬಿಳಿ ಟೋಪಿಯ ಅಜ್ಜಿಯರು, ಎಲ್ಲವೂ ಒಟ್ಟಿಗೆ ನುಗ್ಗಿ ಬಂದವು.

ಮೊದಲು ನನ್ನ ವಿಷಯ ಹೇಳಿಬಿಡುತ್ತೇನೆ. ನನಗೆ ಉಗ್ಗು. ಅದರಲ್ಲೂ ಪ, ಬ, ಮ ಬಂದರೆ ತುಟಿಗೆ ಚಿಲಕ ಬಿದ್ದಂತೆಯೇ. ದಾವಣಗೆರೆಯ ಶಾಲೆಯಲ್ಲಿ ಹಾಜರಿ ಕರೆದಾಗ 'ಪ್ರೆಸೆಂಟ್' ಅನ್ನಲಾಗದೆ ಬರೀ ಕೈ ಎತ್ತುತ್ತಿದ್ದೆ. ಅಂಥವನಿಗೆ ಕೆಲಸ ಸಿಕ್ಕಿದ್ದು ಬರ್ಮಿಂಗ್‌ಹ್ಯಾಮ್‌ನಲ್ಲಿ! ಯಾವ ಊರು ಎಂದು ಯಾರಾದರೂ ಕೇಳಿದರೆ 'ಲಂಡನ್ ಹತ್ತಿರ' ಎಂದು ಸುಳ್ಳು ಹೇಳಿ ಪಾರಾಗುತ್ತಿದ್ದೆ.

ಬರ್ಮಿಂಗ್‌ಹ್ಯಾಮ್‌ನ ಸೆಲ್ಲಿ ಓಕ್‌ನಲ್ಲಿ ನನ್ನ ಪಕ್ಕದ ಮನೆ ಮೆರ್ಲೀನ್ ಅವರದು. ಇಪ್ಪತ್ತಾರು ವರ್ಷ ಸಿಟಿ ಬಸ್ಸು ಓಡಿಸಿ ನಿವೃತ್ತರಾದವರು. ಹೆತ್ತವರು ಜಮೈಕಾದಿಂದ ಬಂದವರು. ಇವರು ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ನಮ್ಮಿಬ್ಬರ ಮನೆಗೂ ನಡುವೆ ಒಂದೇ ಗೋಡೆ. ಒಂದು ವಸಂತದಲ್ಲಿ ದಿನಾ ಸಂಜೆ ಆ ಗೋಡೆಯಾಚೆಯಿಂದ ಒಂದೇ ವಾಕ್ಯ ಹತ್ತು ಹತ್ತು ಸಲ ಕೇಳತೊಡಗಿತು. ಹಿತ್ತಲ ಬೇಲಿಯ ಹತ್ತಿರ ಸಿಕ್ಕಾಗ ವಿಚಾರಿಸಿದೆ. ಅವರ ಇಂಗ್ಲಿಷು ನನ್ನ ನೆನಪಿನಲ್ಲಿ ಹೇಗೋ ಕನ್ನಡವಾಗಿಯೇ ಉಳಿದಿದೆ.

"ಪಾಸ್ಟರ್ ನನಗೆ ಚರ್ಚಲ್ಲಿ ಪ್ರಸಂಗ ಮಾಡು, ಬೈಬಲ್ ಮೇಲೆ ಮಾತಾಡು ಅಂದಿದ್ದಾರೆ ಕಣಪ್ಪ. ಅರವತ್ತೆಂಟನೇ ವಯಸ್ಸಿಗೆ, ಮೊದಲನೇ ಸಲ! ನೀನೂ ಬಾ. ಹೆದರಿರೋ ಮುಖ ಇನ್ನೊಂದು ಕಂಡ್ರೆ ನನಗೆ ಧೈರ್ಯ."

"ನಮ್ಮನೇಲಿ ದೇವರಿಗೆ ದೀ... ದೀಪ ಹಚ್ಚೋದು," ಅಂದೆ.

"ಹಚ್ಚೇ ಬಾ. ಭಾನುವಾರ ಹನ್ನೊಂದಕ್ಕೆ ಶುರು."

ಹ್ಯಾಂಡ್ಸ್‌ವರ್ತ್‌ನ ಆ ಚರ್ಚಿಗೆ ಹೋದೆ. ಪಕ್ಕದಲ್ಲಿ ಕೂತ ಅಜ್ಜಿ ಏನೂ ಕೇಳದೆ ಅಂಗೈಗೆ ಪೆಪ್ಪರ್‌ಮಿಂಟು ಇಟ್ಟರು. ಉಪನ್ಯಾಸ ಅಂದರೆ ಒಬ್ಬರು ಮಾತಾಡುವುದು, ಉಳಿದವರು ಆಕಳಿಕೆ ನುಂಗುವುದು ಎಂದು ತಿಳಿದಿದ್ದವನು ನಾನು. ಇಲ್ಲಿ ಹಾಗಲ್ಲ. ವೇದಿಕೆಯಿಂದ ಒಂದು ಮಾತು ಬಂದರೆ ಕೆಳಗಿನಿಂದ ಇನ್ನೊಂದು ಏಳುತ್ತದೆ. ನಮ್ಮಜ್ಜಿ ಕಥೆ ಹೇಳುವಾಗ ನಾವು ಹ್ಞೂಂಗುಟ್ಟದಿದ್ದರೆ ಅಲ್ಲಿಗೇ ನಿಲ್ಲಿಸಿ ಅಡುಗೆಮನೆಗೆ ಹೋಗಿಬಿಡುತ್ತಿದ್ದಳು. ಇಲ್ಲಿ ಮುನ್ನೂರು ಜನರ ಹ್ಞೂಂಕಾರ!

ಮೆರ್ಲೀನ್ ಎಂಟು ಪುಟ ಹಿಡಿದು ನಿಂತರು. ಬೈಬಲಿನಲ್ಲಿ ಬರುವ, ಮನೆಯಿಂದ ಹೊರಬಿದ್ದ ಗರ್ಭಿಣಿ ದಾಸಿಯೊಬ್ಬಳನ್ನು ದೇವದೂತ ಮರಳುಗಾಡಿನಲ್ಲಿ ಮಾತಾಡಿಸಿದ ಕಥೆ. ಎರಡನೇ ಪುಟಕ್ಕೆ "ನಮ್ಮಮ್ಮನೂ..." ಅಂದರು. ಅಷ್ಟೆ. ದನಿ ನಿಂತುಹೋಯಿತು.

ಆ ಮೌನ ನನಗೆ ಚೆನ್ನಾಗಿ ಗೊತ್ತು. ಆಗ ಕೆಲವರು ನೆಲ ನೋಡುತ್ತಾರೆ, ಕೆಲವರು ಉಳಿದ ಮಾತನ್ನು ತಾವೇ ತುಂಬಿಸುತ್ತಾರೆ. ನಾನು ತಲೆ ತಗ್ಗಿಸಿದೆ. ಆದರೆ ಬೇರೆ ಯಾರೂ ಹಾಗೆ ಮಾಡಲಿಲ್ಲ! "ಟೇಕ್ ಯುವರ್ ಟೈಮ್, ಸಿಸ್ಟರ್," ಎಂದಿತು ಒಂದು ದನಿ. "ಅವಸರ ಇಲ್ಲ, ನಾವಿಲ್ಲೇ ಇದ್ದೀವಿ," ಎಂದಿತು ಇನ್ನೊಂದು. ಆರ್ಗನ್ ನುಡಿಸುವವರು ಒಂದೇ ಸ್ವರ ಹಿಡಿದು, ಎಡವಿದವರ ಮೊಣಕೈಗೆ ಕೈ ಕೊಟ್ಟಂತೆ ಹಾಗೇ ಉಳಿಸಿದರು.

ಮೆರ್ಲೀನ್ ಕಾಗದಗಳನ್ನು ಕೆಳಗಿಟ್ಟರು. ಕನ್ನಡಕ ತೆಗೆದರು.

"ಇಪ್ಪತ್ತಾರು ವರ್ಷ ಬಸ್ಸು ಹತ್ತಿದೋರನ್ನೆಲ್ಲ ಎಲ್ಲಿಗೆ ಅಂತ ಕೇಳಿದೆ. ಎಲ್ಲಿಂದ ಬಂದ್ರಿ ಅಂತ ಒಬ್ಬರನ್ನೂ ಕೇಳಲಿಲ್ಲ."

"ಹೇಳು!" ಎಂದಿತು ಸಭೆ.

"ನಮ್ಮಮ್ಮ ಈ ಊರಿನ ಆಸ್ಪತ್ರೆ ನೆಲ ಒರೆಸಿದಳು. ಅವಳನ್ನೂ ಯಾರೂ ಕೇಳಲಿಲ್ಲ."

"ಹೇಳು!"

"ಆ ಮರಳುಗಾಡಲ್ಲಿ ಒಬ್ಬ ಕೇಳಿದ. ಎಲ್ಲಿಂದ ಬಂದೆ? ಎಲ್ಲಿಗೆ ಹೊರಟೆ?"

ವಾಕ್ಯಗಳು ಚಿಕ್ಕವಾದವು, ದನಿ ಮೇಲೇರಿತು, ಮಾತಿಗೆ ರಾಗ ಹತ್ತಿತು. ಡ್ರಮ್ಮು ಸೇರಿಕೊಂಡಿತು. ಪೆಪ್ಪರ್‌ಮಿಂಟಿನ ಅಜ್ಜಿ ಎದ್ದು ನಿಂತರು. ನಾನೂ ನಿಂತಿದ್ದೆ! "ಹೇಳಮ್ಮಾ! ಬಿಡಬೇಡ, ಹೇಳಮ್ಮಾ!" ಎಂದು ಯಾರೋ ಕನ್ನಡದಲ್ಲಿ ಕೂಗಿದರು. ಅದು ನಾನೇ ಎಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. ಬ ಎಲ್ಲಿಯೂ ತಡೆದಿರಲಿಲ್ಲ. ಅಜ್ಜಿ ನನ್ನತ್ತ ತಿರುಗಿ, "ಏನಂದೆಯೋ ಗೊತ್ತಿಲ್ಲ ಮಗನೇ, ಅದಕ್ಕೂ ಆಮೆನ್!" ಎಂದು ನಕ್ಕರು.

ಊಟದ ಹೊತ್ತಿಗೆ ಮೆರ್ಲೀನ್ ಬೆವರಿ ತೊಪ್ಪೆಯಾಗಿದ್ದರು, ಮುಖ ಮಾತ್ರ ಹಬ್ಬ.

"ಮೊದಲ ಎರಡು ಪುಟ ನಾನು ಮಾಡಿದ್ದು," ಎಂದರು. "ಆಮೇಲಿಂದು ಅವರೆಲ್ಲ ಸೇರಿ ಮಾಡಿದ್ದು. ನಂಬಿಕೇಲಿ ಬೆಳೆಯೋದು ಅಂದ್ರೆ ತಡವರಿಸದೇ ಇರೋದು ಅಂದ್ಕೊಂಡಿದ್ದೆ ಕಣಪ್ಪ. ಅಲ್ಲ. ತಡವರಿಸಿದಾಗ ಕೆಳಗಿಳಿದು ಓಡಿಹೋಗದೇ ಇರೋದು."

ಅವರೀಗ ವರ್ಷಕ್ಕೆ ಮೂರು ನಾಲ್ಕು ಸಲ ಪ್ರಸಂಗ ಮಾಡುತ್ತಾರೆ. ನಾನು ದೀಪ ಹಚ್ಚಿಯೇ ಹೋಗಿ ಕೂರುತ್ತೇನೆ. ಪವಾಡವೇನೂ ನಡೆದಿಲ್ಲ, ಉಗ್ಗು ಇದ್ದಲ್ಲೇ ಇದೆ.

ಆದರೆ ಇವತ್ತು, ಕೋಟು ಕೈಯಲ್ಲಿರುವಾಗಲೇ, ಊರಿನಲ್ಲಿರುವ ಅಕ್ಕನಿಗೆ ಫೋನು ಮಾಡಿದೆ. ಎಷ್ಟೋ ವರ್ಷಗಳಿಂದ ಅವಳಿಗೆ ಮೆಸೇಜು ಕಳಿಸಿಯೇ ಮುಗಿಸುತ್ತಿದ್ದೆ. ಅವಳ ಹೆಸರು ಪದ್ಮ. ಹಲೋ ಎಂದಳು. ನನ್ನ ತುಟಿ ಕಚ್ಚಿಕೊಂಡಿತು.

"ಹಲೋ? ಯಾರು? ಲೈನ್ ಹೋಯ್ತೇನೋ..."

"ಇಲ್ಲ, ನಾನೇ. ಇಡಬೇಡ. ಬ... ಬರ್ತಾ ಇದೆ, ಇರು."

ಅಕ್ಕ ಇದ್ದಳು. ನಲವತ್ತು ನಿಮಿಷ ಇದ್ದಳು.