ವಾಲ್ಟರ್ ತಾತನ ಅಂಕಿತ

ಹೋದ ಭಾನುವಾರ ಉಟ್ಕೂರಿನಿಂದ ಮಕ್ತಲಕ್ಕೆ ಬರುವ ಶೇರ್ ಆಟೋದಲ್ಲಿ ಕೂತಿದ್ದೆ. ಕೂತಿದ್ದೆ ಅನ್ನುವುದು ಮಾತಿಗೆ. ಅರ್ಧ ಸೀಟಿನ ಮೇಲೆ, ಉಳಿದರ್ಧ ಪಕ್ಕದ ಅವ್ವನ ಜೋಳದ ಚೀಲದ ಮೇಲೆ. ಇನ್ನೂ ಇಬ್ಬರು ಸಿಕ್ಕದೆ ಗಾಡಿ ಬಿಡುವುದಿಲ್ಲವೆಂದು ಹಟ ಹಿಡಿದಿದ್ದ ಡ್ರೈವರ್, ನಮ್ಮ ಸಿಟ್ಟು ಇಳಿಯಲೆಂದು ಪೆನ್ ಡ್ರೈವ್ ಹಚ್ಚಿದ. ಹೆಂಗಸರ ಭಜನೆ. ತಾಳ, ದಪ್ಪು, ನಡುವೆ ಗಂಟಲು ಬಿಚ್ಚಿ ಹಾಡುವ ಒಂದು ದನಿ. ಕೊನೆಯ ನುಡಿ ಬಂತು:

ಧಾಟಿ ಕೊಟ್ಟಾನ ವಾಲ್ಟರ ಗುರುರಾಯ
ಹಾದಿ ತೋರಿಸೋ ಮೈಲಾರ

ಚೀಲದ ಅವ್ವ ಕಣ್ಣು ಮುಚ್ಚಿ ಕೈ ಮುಗಿದಳು. ಎದುರಿಗೆ ಕೂತಿದ್ದ ಗದ್ವಾಲದ ಹೆಣ್ಣುಮಗಳು ತೆಲುಗಿನಲ್ಲಿ, "ಎವರಮ್ಮಾ ಆ ಗುರುವು?" ಅಂದಳು. ಯಾರು ಆ ಗುರು ಎಂದು.

"ವಾಲ್ಟರ್ ತಾತ. ದೊಡ್ಡ ಶರಣ. ಭಾಳ ಹಿಂದಿನಾಂವ," ಎಂದಳು ಅವ್ವ. ಯಾವ ಅನುಮಾನವೂ ಇರಲಿಲ್ಲ ಅವಳ ದನಿಯಲ್ಲಿ.

ನಾನು ಸೆರಗು ಬಾಯಿಗಿಟ್ಟುಕೊಂಡು ಹೊರಗೆ ನೋಡಿದೆ. ನೀವಾದರೂ ಅದನ್ನೇ ಮಾಡುತ್ತಿದ್ದಿರಿ. ಆ ಶರಣ ಅಮೆರಿಕದವನು. ಹೋಟೆಲುಗಳಲ್ಲಿ ಪಿಯಾನೊ ಬಾರಿಸಿ, ನಾಟಕ ಕಂಪನಿಗಳಿಗೆ ಹಾಡು ಕಟ್ಟಿ, ಹಲ್ಲಿನ ಪೇಸ್ಟಿನ ಜಾಹೀರಾತಿಗೂ ರಾಗ ಹಾಕಿ ಹೊಟ್ಟೆ ಹೊರೆದವನು. ಪೂರ್ತಿ ಹೆಸರು ವಾಲ್ಟರ್ ಕ್ರಂಬಿ. ಅವನಿಗೆ ನಮ್ಮ ಸೀಮೆಯಲ್ಲಿ ಶರಣ ಪದವಿ ಸಿಕ್ಕಿದ್ದು ನಮ್ಮ ಕಾಕಾನ ಮನೆಯಿಂದ. ಆಟೋ ತುಂಬುವ ತನಕ ಹೊತ್ತಿದೆಯಲ್ಲ, ಹೇಳುತ್ತೇನೆ ಕೇಳಿ.

ನಮ್ಮ ಕಾಕಾ ಮಕ್ತಲದ ಬಸ್ ಸ್ಟ್ಯಾಂಡಿನ ಹತ್ತಿರ ರೇಡಿಯೋ ರಿಪೇರಿ ಅಂಗಡಿ ಇಟ್ಟವರು. ಈಗ ಅಲ್ಲಿ ಮೊಬೈಲು, ಮಿಕ್ಸರು, ಟೇಬಲ್ ಫ್ಯಾನು ಎಲ್ಲ ಆಗುತ್ತದೆ, ಬೋರ್ಡು ಮಾತ್ರ ಇನ್ನೂ ರೇಡಿಯೋ ಅನ್ನುತ್ತದೆ. ನಾನು ಡಿಗ್ರಿ ಓದಿದ್ದು ಅವರ ಮನೆಯಲ್ಲಿದ್ದುಕೊಂಡೇ. ಒಮ್ಮೆ ಹೈದರಾಬಾದಿನ ಗುಜರಿ ಬಜಾರಿಗೆ ಹಳೆಯ ಬಿಡಿಭಾಗ ತರಲು ಹೋದವರು ಒಂದು ಗ್ರಾಮಫೋನ್ ತಟ್ಟೆಯನ್ನೂ ಹಿಡಿದುಕೊಂಡು ಬಂದರು. ಅದರ ರಟ್ಟಿನ ಕವರಿನ ಬೆನ್ನಿಗೆ ಈ ವಾಲ್ಟರನ ಜೀವನ ಚರಿತ್ರೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು. ಕಾಕಾನ ಜೀವನ ಕೆಟ್ಟಿದ್ದು ಅಲ್ಲಿಂದ.

ಇಂಗ್ಲಿಷ್ ಮೇಜರ್ ಓದುವ ಅಣ್ಣನ ಮಗಳು ನಾನು ಮನೆಯಲ್ಲೇ ಇರುವಾಗ ಡಿಕ್ಷನರಿ ಯಾಕೆ? ಸಂಜೆ ಆಯಿತೆಂದರೆ ಕವರ್ ಹಿಡಿದು ಬರುತ್ತಿದ್ದರು. "ಯವ್ವಾ, 'ಪ್ರಾಲಿಫಿಕ್' ಅಂದ್ರೇನು?" ನಾನು ತಡಮಾಡದೆ "ಮಕ್ಕಳು ಭಾಳ ಇದ್ದವ" ಅಂದೆ. ಮರುದಿನದಿಂದ ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ವಾಲ್ಟರನ ತುಂಬು ಸಂಸಾರದ ವರ್ಣನೆ ಶುರುವಾಯಿತು. ಅವನು ಹಾಡುಗಳನ್ನು ಹೆತ್ತವನೇ ಹೊರತು ಮಕ್ಕಳನ್ನಲ್ಲ ಎಂದು ನನಗೆ ಪರೀಕ್ಷೆ ಮುಗಿದ ಮೇಲೆ ಗೊತ್ತಾಯಿತು. ಆಗ ಹೇಳಿ ಪ್ರಯೋಜನವಿರಲಿಲ್ಲ, ಕಾಕಾ ಆ ಮಕ್ಕಳ ಮದುವೆಯನ್ನೂ ಮಾಡಿ ಮುಗಿಸಿದ್ದರು.

ಇರಲಿ. ಆ ತಟ್ಟೆಯಲ್ಲಿ ಅವನ ಹೆಸರುವಾಸಿ ಹಾಡೊಂದಿತ್ತು. ತಮಾಷೆಯ ಹಾಡು. ಒಬ್ಬ ತನ್ನ ಹುಡುಗಿಯ ಮನೆ ಮುಂದೆ ನಿಂತಿದ್ದಾನೆ, ಅವಳ ನಾಯಿ ಒಳಗೆ ಬಿಡುತ್ತಿಲ್ಲ. ನಡುವೆ ಬ್ಯಾಂಡಿನವನೊಬ್ಬ ಭೌ ಭೌ ಎಂದು ಬೊಗಳುತ್ತಾನೆ. ಕಾಕಾ ಮೊದಲ ಸಲ ಅದನ್ನು ಮನೆಯಲ್ಲಿ ಹಾಕಿದಾಗ ಒಳಗೆ ರೊಟ್ಟಿ ಬಡಿಯುತ್ತಿದ್ದ ಕಾಕಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಬೊಗಳಿದ್ದು ಕೇಳಿಸಿದ್ದೇ ತಡ, ಎರಡೂ ಕೈ ಎತ್ತಿ ಮುಗಿದಳು.

"ಮೈಲಾರಲಿಂಗನ ಹಾಡೇನ್ರಿ ಇದು?"

ನಗಬೇಡಿ. ಕಾಕಿ ಉಟ್ಕೂರು ಕಡೆಯ ಕುರುಬರ ಮನೆಯ ಮಗಳು. ಅವಳಪ್ಪ ಗೊರವಯ್ಯ. ಗೊರವರು ಮೈಲಾರನ ನಾಯಿಗಳೆಂದೇ ನಡೆದುಕೊಳ್ಳುವವರು. ಕರಿ ಕಂಬಳಿ ಹೊದ್ದು, ಭಂಡಾರದ ಅರಿಶಿನ ಹಚ್ಚಿಕೊಂಡು, ದೇವರ ಮುಂದೆ ಬೊಗಳುತ್ತಾರೆ, ದೋಣಿ ಅನ್ನುವ ಮರದ ಬಟ್ಟಲಿಗೆ ಹಾಕಿದ್ದನ್ನು ಹಂಗೇ ಬಾಯಿ ಹಚ್ಚಿ ತಿನ್ನುತ್ತಾರೆ. ಅಪ್ಪ ಹಾಗೆ ಬೊಗಳುವಾಗ ಹಿಂದೆ ನಿಂತು ಕೈಮುಗಿದು ಬೆಳೆದವಳಿಗೆ ಅಮೆರಿಕದವನು ಬೊಗಳಿದರೆ ಬೇರೆ ಏನು ಅನ್ನಿಸಬೇಕು?

ಕಾಕಾ ತಲೆ ಚಚ್ಚಿಕೊಂಡರು. "ಏ ಹುಚ್ಚಿ, ಅದು ಇಂಗ್ಲಿಷ್ ಹಾಡು. ಹುಡುಗಿ ಮನಿ ಮುಂದ ನಿಂತಾನ ಅಂವ. ನಾಯಿ ಒಳಗ ಬಿಡವಲ್ದು."

"ಬೊಗಳಿದಾವ ಯಾರ್ರಿ ಮತ್ತ? ನಾಯೇನು?"

"ಬ್ಯಾಂಡಿನ ಮನಶ್ಯಾ."

"ಮನಶ್ಯಾ ನಾಯಾಗಿ ಬಾಗಲದಾಗ ನಿಂತು ಬೊಗಳಿದ ಮ್ಯಾಲೆ ಅದು ಮೈಲಾರನ ಸೇವಾನೇ ಆತಲ್ರಿ. ದೇವರೇನು ದೇಶ ನೋಡಿ ಮೈಮ್ಯಾಲೆ ಬರ್ತಾನೇನು?"

ಕಾಕಾ ತಟ್ಟೆಯನ್ನು ಕವರಿನೊಳಗೆ ತುರುಕಿ ಅಂಗಡಿಗೆ ನಡೆದರು.

ಆ ವಾರವೇ ಕಾಕಿ ಅದಕ್ಕೆ ತನ್ನ ಮಾತು ಹೊಂದಿಸಿದಳು. ನಮ್ಮ ಭಜನೆಯ ಹೆಂಗಸರ ರೂಢಿ ನಿಮಗೆ ಗೊತ್ತಿರುವುದೇ. ಧಾಟಿ ಯಾರದಾದರೂ ಆಗಲಿ, ಸಿನಿಮಾದ್ದೋ ಬ್ಯಾಂಡಿನದ್ದೋ, ಅದಕ್ಕೆ ದೇವರ ಹೆಸರು ಉಡಿಸಿ ಮನೆಗೆ ಕರೆದುಕೊಳ್ಳುತ್ತಾರೆ.

ಬಾಗಿಲ ಮುಂದಿನ ನಾಯಿ ನಾನಪ್ಪ
ಒಳಗ ಕರಿಯೋ ಮೈಲಾರ
ತುತ್ತು ಹಾಕೋ, ಹಾಕದಿದ್ದರೂ
ಹೊಸ್ತಿಲ ಬಿಡೆನೋ ಮೈಲಾರ

ವಾಲ್ಟರ್ ಕುಣಿಯುತ್ತ ಓಡಿಸಿದ ಧಾಟಿಯನ್ನು ಇವಳು ಕಾಲೆಳೆಯುತ್ತ ನಡೆಸಿದಳು. 'ಒಳಗ ಕರಿಯೋ' ಅನ್ನುವಲ್ಲಿ ಅವನು ಸ್ವರವನ್ನು ಮೇಲಕ್ಕೆ ಚಿಮ್ಮಿಸುತ್ತಾನೆ, ಇವಳು ಮೆಲ್ಲಗೆ ಕೆಳಕ್ಕಿಳಿಸಿದಳು. ಕಾಲೇಜಿನ ಪುಸ್ತಕ ಮುಂದಿಟ್ಟುಕೊಂಡು ಕೂತಿದ್ದ ನಾನು ಅದನ್ನು ಮುಚ್ಚಿಟ್ಟೆ. ಅತ್ತೆನೆಂದು ಹೇಳಲು ನಾಚಿಕೆಯೇನಿಲ್ಲ.

ಕಾಕಾ ಮಾತ್ರ ಕುದಿದರು. "ಅಲ್ಲಿ ಏರಬೇಕು, ನೀ ಇಳಸ್ತಿ! ಅಂಥಾ ದೊಡ್ಡ ಮನಶ್ಯಾ ಜೀವ ತೇದು ಕಟ್ಟಿದ್ದನ್ನ ಹಾಳ ಮಾಡಬ್ಯಾಡ. ಹಾಡೂದಾದ್ರ ಅವನ ಹೆಸರಾದ್ರೂ ಹೇಳ್ರಿ. ಇನ್ನೊಬ್ಬರ ಸ್ವತ್ತು ಅದು."

ಕಾಕಿ ಒಪ್ಪಿದಳು. ಹೆಸರು ಹೇಳಬೇಕೆಂದರೆ ಎಲ್ಲಿ ಹೇಳಬೇಕು? ಪದದ ಕೊನೆಯ ನುಡಿಯಲ್ಲಿ, ಅಂಕಿತದಲ್ಲಿ. ನಮ್ಮಲ್ಲಿ ಯಾವ ಶರಣನ ಪದವಾದರೂ ಹಾಗೇ ಅಲ್ಲವೇ? ಹೀಗೆ ವಾಲ್ಟರ ಗುರುರಾಯ ಹುಟ್ಟಿದ. ಧಾಟಿ ಯಾರದು ಎಂದು ಇಷ್ಟು ಪ್ರಾಮಾಣಿಕವಾಗಿ ಹೇಳಿದವರು ಸಿನಿಮಾದವರಲ್ಲಿ ಸಹ ಕಡಿಮೆ. ಆದರೆ ಅಂಕಿತದಲ್ಲಿ ಹೆಸರು ಬಂದವನು ಶರಣನಾಗದೆ ಬೇರೆ ಏನಾಗಲು ಸಾಧ್ಯ?

ಹಾಡು ಮಕ್ತಲ ದಾಟಿ ಉಟ್ಕೂರಿಗೆ ಹೋಯಿತು, ಮರಿಕಲ್ಲಿಗೆ ಹೋಯಿತು. ಮೈಲಾರನ, ಬೀರಪ್ಪನ ಗುಡಿಗಳಿಂದ ಕಾಕಿಯ ಮೇಳಕ್ಕೆ ಕರೆ ಬಂತು. ಹೋದಲ್ಲೆಲ್ಲ ಜನ ಹೊಗಳುತ್ತಿದ್ದರು. ಮನೆಗೆ ಬಂದರೆ "ಇವತ್ತೂ ಇಳಿಸಿದ್ಯೇನು?" ಎಂಬ ಪ್ರಶ್ನೆ. ಒಂದು ಮಧ್ಯಾಹ್ನ ಅವರೆಕಾಯಿ ಸುಲಿಯುತ್ತ ಕಾಕಿ ನನಗೆ ಅಂದಳು, "ಯವ್ವಾ, ಊರೆಲ್ಲ ಚಂದ ಅಂತೈತಿ. ಅದನ್ನ ಕಟಗೊಂಡು ನಾ ಏನ್ ಮಾಡ್ಲಿ? ಈ ಮನಶ್ಯಾ ಒಂದಿನಾರ, ನೀ ಚಂದ ಹಾಡಿದಿ ಅನಬೇಕು. ಅಷ್ಟಾ ಸಾಕು ನನಗ." ಹಿತ್ತಲ ಗಿಡ ಮದ್ದಲ್ಲ ಅನ್ನುವುದನ್ನು ನಾನು ಶಾಲೆಯಲ್ಲಿ ಗಾದೆಯಾಗಿ ಓದಿದ್ದೆ, ಅರ್ಥವಾಗಿದ್ದು ಆ ಅವರೆಕಾಯಿಯ ಹೊತ್ತಿಗೆ.

ಆ ಒಂದು ಮಾತು ಗದ್ವಾಲದಲ್ಲಿ ಸಿಗಬೇಕಿತ್ತು. ಅಲ್ಲಿ ಗುಡಿಯೊಂದರ ಅಂಗಳದಲ್ಲಿ ಭಜನೆ ಮೇಳಗಳ ಕೂಟ. ಗದ್ವಾಲದವರಿಗೆ ತಮ್ಮ ಸೀರೆಯ ಸೊಕ್ಕು ಇದ್ದೇ ಇದೆ ಎಂದು ಕಾಕಿಯ ಮೇಳದವರು ಬೇಕೆಂದೇ ಎಲ್ಲರೂ ನಾರಾಯಣಪೇಟೆ ಸೀರೆ ಉಟ್ಟು ಹೋಗಿದ್ದರು. ಕಾಕಿ ಹಾಡಿದಳು. ನೆರೆದವರು ಅಲ್ಲಾಡಲಿಲ್ಲ. ಮುಗಿದ ಮೇಲೆ ಕೂಟದ ಹಿರಿಯರೊಬ್ಬರು ತೆಲುಗಿನಲ್ಲಿ ಕೇಳಿದರು, "ಆ ತಾತ ಮಠಂ ಎಕ್ಕಡ ಉಂದಮ್ಮಾ?" ಮಠ ಎಲ್ಲಿದೆ ಎಂದು. ಮೇಳದಲ್ಲಿ ಒಬ್ಬಳು ಅಲಂಪುರದ ಕಡೆ ಕೈ ತೋರಿಸಿದಳು, ಇನ್ನೊಬ್ಬಳು ಅಮೆರಿಕಾ ಅಂದಳು.

ಕಾಕಾ ತಡೆದುಕೊಳ್ಳಲಾಗದೆ ಮೈಕಿನ ಮುಂದೆ ಹೋದರು. ಎಷ್ಟು ವರ್ಷದಿಂದ ಕಾದಿದ್ದರೋ! ಕವರಿನ ಬೆನ್ನಿನ ಮೇಲಿದ್ದದ್ದೆಲ್ಲ ಒಂದೂ ಬಿಡದೆ ಹೇಳಿದರು.

"ಮೂರು ಲಗ್ನ ಆದ. ಮೂರೂ ಮುರದು ಬಿದ್ದುವು."

"ಸಂಸಾರ ಬಿಟ್ಟಾನ," ಎಂದು ಜನ ತಲೆದೂಗಿದರು.

"ಇದ್ದ ಬಂಗ್ಲೆ ಹೋತು, ಮೋಟಾರು ಹೋತು, ದಿವಾಳಿ ಎದ್ದ."

"ಆಸ್ತಿ ಬಿಟ್ಟಾನ."

"ಕುಡಿದು ಬೀದ್ಯಾಗ ಬೀಳ್ತಿದ್ದ."

"ದೇಹದ ಮ್ಯಾಲಿನ ಹಂಬಲಾನೂ ಬಿಟ್ಟಾನಪ್ಪ!"

"ಯಾವಾಗ ಸತ್ತ ಅಂತ ಕವರಿನ ಮ್ಯಾಲೆ ಬರದಿಲ್ಲ."

ಅಲ್ಲಿಗೆ ಮುಗಿಯಿತು, ತಾತನಿಗೆ ಸಾವೇ ಇಲ್ಲವೆಂದಾಯಿತು. ಮುಂದಿನ ಸಾಲಿನವರು ಎದ್ದು ನಿಂತು ಕೈಮುಗಿದರು. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಜನರ ಮುಂದೆ ಸತ್ಯ ಹೇಳಿದರೂ ಅದೇ ಗತಿ. ಕಾಕಾನಿಗೆ ಶಾಲು ಹೊದಿಸಿದರು. ಅವರು ಮತ್ತೆ ಮೈಕು ಹಿಡಿದು ವಾಲ್ಟರನಂಥವನು ಇನ್ನೊಬ್ಬ ಹುಟ್ಟುವುದಿಲ್ಲ ಎಂದು ಗದ್ಗದಿತರಾದರು. ಪಕ್ಕದಲ್ಲಿ, ಹಾಡಿ ಹಾಡಿ ಗಂಟಲು ಒಣಗಿದ ಹೆಂಡತಿ ನೀರಿನ ಲೋಟ ಹಿಡಿದು ನಿಂತಿದ್ದಳು. ಅವಳ ಹೆಸರನ್ನು ಅವರು ಒಮ್ಮೆಯೂ ಎತ್ತಲಿಲ್ಲ.

ಬಸ್ಸಿಳಿದು ಕಾಕಿ ಎಲ್ಲರಿಗಿಂತ ಮುಂದೆ ನಡೆದಳು. ಮನೆಯ ಬೀಗ ತೆಗೆದು ಒಳಗೆ ಕಾಲಿಟ್ಟವಳೇ ಅಂದಳು, "ಇನ್ನ ಈ ಮನ್ಯಾಗ ಆ ಹಾಡು ನನ್ನ ಬಾಯಿಂದ ಬರಂಗಿಲ್ಲ. ಆ ವಾಲ್ಟರನ್ನ ಕರಸ್ಕೊಂಡು ಹಾಡಿಸ್ಕೋರಿ."

ಕಾಕಿ ಆಡಿದ್ದನ್ನು ಮಾಡುವವಳು. ಹೊರಗೆ ಎಲ್ಲ ಕಡೆ ಹಾಡಿದಳು, ಮನೆಯಲ್ಲಿ ಗುನುಗಲೂ ಇಲ್ಲ. ಅವಳು ಹಾಡುವ ಕಡೆ ಹೋಗಲು ಕಾಕಾನಿಗೆ ಬಿಗುಮಾನ. ತಟ್ಟೆಯಾದರೂ ಉಳಿಯಿತೇ? ಅಂಗಡಿಯ ತಗಡಿನ ಕೆಳಗೆ ಒಂದು ಬೇಸಿಗೆಗೆ ಹಪ್ಪಳದಂತೆ ಸೊಟ್ಟಗಾಯಿತು. ಊರೂರಲ್ಲಿ ಕೇಳುವ ಹಾಡು ಅದು ಹುಟ್ಟಿದ ಮನೆಯಲ್ಲಿ ಮಾತ್ರ ಕೇಳಲಿಲ್ಲ. ನಾನು ಗದ್ವಾಲದ ಶಾಲೆಯಲ್ಲಿ ಟೀಚರಾಗಿ ಸೇರಿದೆ, ಮದುವೆಯಾದೆ, ನನ್ನ ಗಂಡನಿಗೆ ಅವನ ಒಳ್ಳೆಯ ಗುಣಗಳನ್ನು ಆಗಾಗ ಮುಖದ ಮೇಲೇ ಹೇಳುವ ಅಭ್ಯಾಸ ಮಾಡಿಕೊಂಡೆ. ಅವನಿಗೆ ಇದರಿಂದ ಸ್ವಲ್ಪ ಹೆದರಿಕೆಯೇ ಆಗಿದೆ.

ಅಷ್ಟರಲ್ಲಿ ಆ ಇಬ್ಬರು ಸಿಕ್ಕಿ ಆಟೋ ಹೊರಟಿತು. ನನಗೆ ಒಂದು ಕೆಟ್ಟ ಕುತೂಹಲ ಹುಟ್ಟಿತು. ಫೋನಿನಲ್ಲಿ ವಾಲ್ಟರನ ಹೆಸರು ಹುಡುಕಿದೆ. ಯಾರೋ ಪುಣ್ಯಾತ್ಮರು ಆ ಹಳೆಯ ತಟ್ಟೆಯನ್ನು ಹಾಗೇ ಹಾಕಿದ್ದರು. ಕೆಳಗೆ ನೋಡಿದವರ ಲೆಕ್ಕ ಕಂಡು ಅಯ್ಯೋ ಅನ್ನಿಸಿತು. ಅವನ ಊರಿನಲ್ಲಿ ಅವನನ್ನು ಕೇಳುವವರು ನಮ್ಮ ಒಂದು ಭಜನೆಯ ಜನಕ್ಕಿಂತ ಕಡಿಮೆ.

ಮಕ್ತಲದಲ್ಲಿ ಇಳಿದು ಸೀದಾ ಮನೆಗೆ ಹೋದೆ. ಅಂಗಡಿಯಿಂದ ಬಂದ ಕಾಕಾ ಪಡಸಾಲೆಯಲ್ಲಿ ಯಾರದೋ ಮಿಕ್ಸರ್ ಬಿಚ್ಚಿಕೊಂಡು ಕೂತಿದ್ದರು. ಕಾಕಿ ಒಳಗೆ ಚಹಾಕ್ಕೆ ಇಟ್ಟಳು. "ಕಾಕಾ, ನಿಮಗೊಂದು ತಂದೀನಿ," ಎಂದು ಫೋನನ್ನು ಅವರ ಕಿವಿಯ ಹತ್ತಿರ ಹಿಡಿದೆ.

ಪಿಯಾನೊ ಶುರುವಾಯಿತು. ಕಾಕಾ ಕೈಯಲ್ಲಿದ್ದ ಸ್ಕ್ರೂ ಡ್ರೈವರ್ ಕೆಳಗಿಟ್ಟರು. ಮುಖ ಅರಳಿತು. ಹಾಡು ಬಂತು. ಮುಖ ಸಣ್ಣಗಾಯಿತು. ಹಾಡುವವನು ಕುಣಿಯುತ್ತ ಓಡಿದ, ಸ್ವರವನ್ನು ಮೇಲಕ್ಕೆ ಚಿಮ್ಮಿಸಿದ, ಬ್ಯಾಂಡಿನವನು ಬೊಗಳಿದ. ಕಾಕಾ ಹುಬ್ಬು ಗಂಟಿಕ್ಕಿ ನನ್ನನ್ನು ನೋಡಿದರು.

"ಯಾರವ್ವಾ ಇಂವ?"

"ವಾಲ್ಟರ್, ಕಾಕಾ. ಅದಾ ತಟ್ಟಿ."

"ಏ, ಇರ್ಲಿಕ್ಕಿಲ್ಲ. ಇಷ್ಟ್ಯಾಕ ಓಡ್ತಾನ? ಯಾರಾರ ಬೆನ್ನ ಹತ್ತ್ಯಾರೇನು? ಅಲ್ಲಿ ಇಳೀಬೇಕು, ಇಂವ ಏರಿಸ್ಯಾನ ನೋಡು, ಹಾಳ ಮಾಡ್ಯಾನ. ಬಂದ್ ಮಾಡು, ಬಂದ್ ಮಾಡು. ಇವಂಗ ಬರಂಗಿಲ್ಲ."

ಒಳಗೆ ಪಾತ್ರೆಯ ಸದ್ದು ನಿಂತಿತು. ಕಾಕಿ ಬಾಗಿಲಿಗೆ ಬಂದು ನಿಂತಳು. "ಏನಂದ್ರಿ?"

"ಇವಂಗ ಹಾಡಾಕ ಬರಂಗಿಲ್ಲ ಅಂದೆ."

"ಮತ್ಯಾರಿಗೆ ಬರತೈತ್ರಿ?"

ಕಾಕಾ ಮಿಕ್ಸರಿನ ಒಳಗೆ ಏನನ್ನೋ ಬಹಳ ಹೊತ್ತು ಹುಡುಕಿದರು. ಅಲ್ಲಿ ಏನೂ ಸಿಗಲಿಲ್ಲ. ತಲೆ ಎತ್ತದೆಯೇ, "ನಿನಗ," ಅಂದರು. "ನಿನ್ನಂಗ ಚಂದ ಯಾರಿಗೂ ಬರಂಗಿಲ್ಲ. ಎಷ್ಟ್ ವರ್ಸ ಆತು ಕೇಳಿ. ಒಮ್ಮೆ ಹಾಡು."

"ಇಷ್ಟು ಹೇಳಾಕ ನಿಮಗ ಅಮೆರಿಕಾದಿಂದ ಸಾಕ್ಷಿ ತರಿಸಬೇಕಾತೇನ್ರಿ?" ಎಂದಳು ಕಾಕಿ. ಹೊಸ್ತಿಲ ಮೇಲೆ ಕುಸಿದು ಕೂತಳು, ಸೆರಗಿನಿಂದ ಬಾಯಿ ಒರೆಸಿಕೊಂಡಳು, ಹಾಡಲೆಂದು ಬಾಯಿ ತೆರೆದಳು. ದನಿ ಹೊರಡಲಿಲ್ಲ. ಇನ್ನೊಮ್ಮೆ ನೋಡಿದಳು. ಹೊರಡಲಿಲ್ಲ.

"ಗಂಟಲ ಕಟ್ಟೈತ್ರಿ," ಅಂದಳು. "ನಾಳೆ ಹಾಡ್ತೀನಿ."

ಹಬ್ಬ ಹುಣ್ಣಿಮೆಗೂ ಅಂಗಡಿ ಮುಚ್ಚದ ಕಾಕಾ ಮಿಕ್ಸರನ್ನು ಬದಿಗೆ ಸರಿಸಿದರು.

"ಆತು. ನಾಳೆ ಅಂಗಡಿ ತೆಗಿಯಂಗಿಲ್ಲ ಬಿಡು."